ಏಗುವುದು

ಅರಸೀಕೆರೆ ಸೀಮೆಯಲ್ಲಿ ಯಾರನ್ನಾದರೂ ‘ಹೆಂಗಿದೀರಿ’ ಎಂದು ಕೇಳಿ ನೋಡಿ. ‘ಚೆನ್ನಾಗಿದೀವಿ’ ಎನ್ನುವವರು ಕಡಿಮೆ. ‘ಇದೀವಿ ಕಣಪ್ಪ, ಹೆಂಗೋ ಏಗ್ತಾ ಇದೀವಿ’ ಎನ್ನುವವರೇ ಹೆಚ್ಚು. ಬೇಸಾಯ ಹೇಗಿದೆ ಎಂದರೂ ಇದೇ ಉತ್ತರ, ಮಕ್ಕಳ ಓದು ಹೇಗೆ ಎಂದರೂ ಇದೇ, ಮಂಡಿನೋವು ಹೇಗೆ ಎಂದರೂ ಇದೇ. ಕುಡುಕ ಗಂಡನ ಜೊತೆ ಏಗುತ್ತಾರೆ, ಹಟಮಾರಿ ಎತ್ತಿನ ಜೊತೆ ಏಗುತ್ತಾರೆ, ಸಾಲದ ಜೊತೆ, ಸೊಸೆಯ ಜೊತೆ, ಕೆಟ್ಟು ನಿಂತ ಬೋರಿನ ಮೋಟರಿನ ಜೊತೆ ಏಗುತ್ತಾರೆ. ನಮ್ಮ ಕಣಕಟ್ಟೆ ಹೋಬಳಿಯ ಕಡೆ ಮನುಷ್ಯ ಹುಟ್ಟಿದ ಮೇಲೆ ಮಾಡುವ ಕೆಲಸಗಳಲ್ಲಿ ಅರ್ಧದಷ್ಟಕ್ಕೆ ಈ ಒಂದೇ ಕ್ರಿಯಾಪದ ಸಾಕು.

ನನ್ನ ಸಂಶೋಧನೆಯ ವಿಷಯ ಬರಗಾಲ ಮತ್ತು ಆಡುಮಾತು. ಅರಸೀಕೆರೆ, ಬೇಲೂರು, ಹಳೇಬೀಡು ಸುತ್ತಿನ ಊರುಗಳಲ್ಲಿ ಮಳೆ, ಕೆರೆ, ತೆಂಗು, ಬರ ಇವುಗಳ ಬಗ್ಗೆ ಜನ ಹೇಗೆ ಮಾತಾಡುತ್ತಾರೆ ಎಂದು ಧ್ವನಿಮುದ್ರಿಸಿಕೊಂಡು, ಬರೆದುಕೊಂಡು ತಿರುಗುವುದು ನಾಲ್ಕು ವರ್ಷದಿಂದ ನನ್ನ ಉದ್ಯೋಗ. ವಿಶ್ವವಿದ್ಯಾಲಯಕ್ಕೆ ಕೊಟ್ಟ ಇಂಗ್ಲಿಷ್ ಶೀರ್ಷಿಕೆಯಲ್ಲಿ ‘ರೆಸಿಲಿಯೆನ್ಸ್’ ಎಂಬ ಪದವಿದೆ. ಈಗ ಆ ಪದವಿಲ್ಲದೆ ಯಾವ ಅರ್ಜಿಯೂ ಮುಂದಕ್ಕೆ ಹೋಗುವುದಿಲ್ಲ. ಕನ್ನಡ ಶೀರ್ಷಿಕೆಯನ್ನೂ ಕೊಡಬೇಕು ಎಂದಾಗ ತೊಂದರೆ ಶುರುವಾಯಿತು. ‘ಪುಟಿದೇಳುವ ಗುಣ’ ಎಂದು ಒಬ್ಬರು ಸೂಚಿಸಿದರು. ‘ಸ್ಥಿತಿಸ್ಥಾಪಕತ್ವ’ ಎಂದು ಇನ್ನೊಬ್ಬರು. ಅದು ನಾವು ಹೈಸ್ಕೂಲಿನ ಭೌತಶಾಸ್ತ್ರದಲ್ಲಿ ಸ್ಪ್ರಿಂಗಿನ ಬಗ್ಗೆ ಓದಿದ ಪದ. ಮೂಲ ಲ್ಯಾಟಿನ್ ಪದಕ್ಕೂ ಹಿಂದಕ್ಕೆ ಜಿಗಿಯುವುದು ಎಂದೇ ಅರ್ಥ. ಆದರೆ ನಮ್ಮೂರಿನಲ್ಲಿ ಯಾರೂ ಪುಟಿದೆದ್ದದ್ದನ್ನು ನಾನು ನೋಡಿಲ್ಲ. ರಬ್ಬರ್ ಚೆಂಡು ಪುಟಿಯುತ್ತದೆ. ಸತತ ಮೂರು ವರ್ಷ ಮಳೆ ಕೈಕೊಟ್ಟ ಮನೆ ಪುಟಿಯುವುದಿಲ್ಲ, ಏಗುತ್ತದೆ.

ಈ ಕ್ರಿಯಾಪದಕ್ಕೆ ಅದರದೇ ಒಂದು ನಡತೆಯಿದೆ. ನಾನು ಮುದ್ರಿಸಿಕೊಂಡ ಮಾತುಗಳಲ್ಲಿ ಅದು ಹೆಚ್ಚಾಗಿ ಬರುವುದು ‘ಏಗ್ತಾ ಇದೀವಿ’ ಎಂಬ ರೂಪದಲ್ಲಿ, ಇನ್ನೂ ನಡೆಯುತ್ತಿರುವ ಕೆಲಸವಾಗಿ. ‘ಏಗಿ ಮುಗಿಸಿದೆವು’ ಎಂದು ಯಾರೂ ಹೇಳಿದ್ದಿಲ್ಲ. ಉಳುವುದು, ಬಿತ್ತುವುದು, ಕೊಯ್ಯುವುದು ಮುಗಿಯುತ್ತವೆ, ಏಗುವುದು ಮುಗಿಯುವುದಿಲ್ಲ. ಇನ್ನೊಂದು ಸಂಗತಿ: ಏಗುವುದಕ್ಕೆ ಯಾವಾಗಲೂ ಎದುರಿಗೆ ಒಂದು ಇರಬೇಕು. ‘ಜೊತೆ’ ಎಂಬ ಪದ ಹೆಚ್ಚುಕಡಿಮೆ ಅದರ ಬೆನ್ನಿಗೇ ಇರುತ್ತದೆ. ತಾಳುವುದು, ಸಹಿಸುವುದು ಒಬ್ಬರೇ ಮೂಲೆಯಲ್ಲಿ ಕೂತು ಮಾಡಬಹುದಾದ ಕೆಲಸಗಳು. ಏಗುವವರು ಮಾತ್ರ ಎದುರಿಗಿರುವುದರ ಜೊತೆ ಬೈದಾಡುತ್ತಾ, ಚೌಕಾಸಿ ಮಾಡುತ್ತಾ, ಒಮ್ಮೆ ತಾವು ಸೋತು ಒಮ್ಮೆ ಅದನ್ನು ಸೋಲಿಸುತ್ತಾ ಇರುತ್ತಾರೆ. ಬರ ಎನ್ನುವುದು ನಮ್ಮವರ ಮಾತಿನಲ್ಲಿ ಮನೆಗೆ ಬಂದು ಕೂತ ಒಬ್ಬ ಕೆಟ್ಟ ನೆಂಟನ ಹಾಗೆ.

ಮೂರನೆಯ ರೂಪವೊಂದಿದೆ, ಆಜ್ಞೆಯದು: ‘ನೀನೇ ಏಗು.’ ಇದನ್ನು ಹೇಳುವವರು ಕೈತೊಳೆದುಕೊಂಡು ಹೊರಟವರು. ಹಟ ಮಾಡುವ ಮಗುವನ್ನು ಅಪ್ಪ ಅಮ್ಮನ ಮಡಿಲಿಗೆ ದೂಡಿ ‘ನೀನೇ ಏಗು’ ಎಂದು ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಾನಲ್ಲ, ಆ ಮಾತು. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ನಮ್ಮ ಕಡೆಯ ಏಗಾಟ ಅರ್ಥವಾಗಬೇಕಾದರೆ ಅಟ್ಟ ಹತ್ತಬೇಕು. ತಿಪಟೂರು, ಅರಸೀಕೆರೆಯ ಬೆಳೆ ತೆಂಗಲ್ಲ, ಕೊಬ್ಬರಿ. ಅದೂ ಉಂಡೆ ಕೊಬ್ಬರಿ. ಕರಾವಳಿಯವರು, ಕೇರಳದವರು ಕಾಯಿ ಒಡೆದು ಬಿಸಿಲಿಗೆ ಹಾಕಿ ಕೆಲವು ದಿನಗಳಲ್ಲಿ ಒಣಗಿಸಿ ಎಣ್ಣೆ ಗಾಣಕ್ಕೆ ಕಳಿಸುತ್ತಾರೆ. ನಾವು ಮಟ್ಟೆಯ ಸಮೇತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡುತ್ತೇವೆ. ಒಳಗಿನ ನೀರು ತಾನೇ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನುವ ಗಿಟುಕಾಗಬೇಕು. ಬಿಸಿಲು ಬೇಡ, ಬೆಂಕಿ ಬೇಡ, ಸಮಯ ಬೇಕು. ಹಾಗಾಗಿ ನಮ್ಮ ಮನೆಗಳಲ್ಲಿ ಈ ವರ್ಷದ ಮದುವೆಯ ಖರ್ಚು ಹೋದ ವರ್ಷದ ಮಳೆಯಿಂದ ಬಂದದ್ದು. ಅಟ್ಟದಲ್ಲಿ ಕೊಬ್ಬರಿ ಇದ್ದರೆ ಆ ಮನೆಗೆ ಒಂದು ಬರ ತಡೆಯುವ ಶಕ್ತಿ ಇದೆ ಎಂದು ಲೆಕ್ಕ. ಹೆಣ್ಣು ಕೊಡುವವರು ಮಾತಾಡುತ್ತಾ ಮಾತಾಡುತ್ತಾ ಅಟ್ಟದ ಕಡೆ ಕಣ್ಣೆತ್ತಿ ನೋಡುತ್ತಿದ್ದರು ಎಂದು ನಮ್ಮಜ್ಜಿ ನಗುತ್ತಾ ಹೇಳುತ್ತಿದ್ದಳು. ಬ್ಯಾಂಕಿನ ಪಾಸ್‌ಬುಕ್ಕನ್ನು ತಲೆಯ ಮೇಲೆ ಇಟ್ಟುಕೊಂಡು ಅದರ ಕೆಳಗೇ ಅಡುಗೆ ಮಾಡುವ ಜನ ನಾವು.

ಎರಡು ಬರ, ಮೂರು ಬರ ಸಾಲಾಗಿ ಬಂದರೆ ಅಟ್ಟ ತಡೆಯುವುದಿಲ್ಲ. 2016-17ರ ಹೊತ್ತಿಗೆ ನಮ್ಮ ತಾಲ್ಲೂಕಿನಲ್ಲಿ ಆದದ್ದು ಅದು. ತೆಂಗು ಸಾಯುವುದು ನಿಧಾನವಾಗಿ. ಮೊದಲು ಹರಳು ಉದುರುತ್ತದೆ. ಆಮೇಲೆ ಗರಿಗಳು ಬಾಡಿ ಕಾಂಡಕ್ಕೆ ಜೋತು ಬೀಳುತ್ತವೆ. ಹೊಂಬಾಳೆ ಒಡೆಯುವುದೇ ಇಲ್ಲ. ಕೊನೆಗೆ ಒಂದು ದಿನ ಸುಳಿ ಬಿದ್ದುಹೋಗುತ್ತದೆ. ಸುಳಿ ಬಿದ್ದ ಮರ ಮತ್ತೆ ಚಿಗುರುವುದಿಲ್ಲ; ಒಂದೇ ಸುಳಿಯ ಮೇಲೆ ಬದುಕುವ ಗಿಡ ಅದು. ನಮ್ಮ ತೋಟದಲ್ಲಿದ್ದ ನೂರಿಪ್ಪತ್ತು ಮರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋದವು. ಎಂಟುನೂರು ಅಡಿಯ ಬೋರಿನಲ್ಲಿ ಮೊದಲು ಕೆಸರು ಬಂತು, ಆಮೇಲೆ ಗಾಳಿ ಬಂತು. ಸತ್ತ ಮರ ಕಡಿಸುವುದಕ್ಕೂ ಕೂಲಿ ಕೊಡಬೇಕಲ್ಲ, ಹಾಗಾಗಿ ಅವು ತಲೆಯಿಲ್ಲದೆ ಹಾಗೇ ನಿಂತವು. ಆ ವರ್ಷಗಳಲ್ಲಿ ರೈಲಿನಲ್ಲಿ ಅರಸೀಕೆರೆ ಜಂಕ್ಷನ್ ದಾಟಿದವರು ಕಿಟಕಿಯಿಂದ ಅಂಥ ಬೋಳು ಕಾಂಡಗಳ ತೋಟಗಳನ್ನು ನೋಡಿರುತ್ತಾರೆ. ಅಪ್ಪ ಆ ಕಾಂಡಗಳಿಗೆ ‘ಕಂಬ’ ಎನ್ನತೊಡಗಿದ್ದರು. ‘ಮರ’ ಎಂಬ ಪದವನ್ನು ಉಳಿದವುಗಳಿಗೆ ಮಾತ್ರ ಬಳಸುತ್ತಿದ್ದರು. ಇದು ಸಂಶೋಧನೆಗೆ ಒದಗುವ ಒಳ್ಳೆಯ ಉದಾಹರಣೆ ಎಂದು ನನ್ನ ತಲೆಗೆ ಹೊಳೆದದ್ದು ಎಷ್ಟೋ ವರ್ಷಗಳ ನಂತರ. ಆಗ ಹೊಳೆದಿದ್ದರೂ ಬರೆದುಕೊಳ್ಳಲು ಕೈ ಬರುತ್ತಿರಲಿಲ್ಲ.

ತೆಂಗಿನ ಬಗ್ಗೆ ಓದುತ್ತಾ ಹೋದಾಗ ಎದುರಾದದ್ದು ಫಿಲಿಪ್ಪೀನ್ಸ್. ಅಲ್ಲಿಯ ಜನರೂ ತೆಂಗಿನ ಮೇಲೆ ಬದುಕುವವರು. ಜಗತ್ತಿಗೆ ಅತಿ ಹೆಚ್ಚು ಕೊಬ್ಬರಿ ಎಣ್ಣೆ ಕಳಿಸುವವರು ಅವರು. ಒಣಗಿಸಿದ ತಿರುಳಿಗೆ ಅವರೂ ‘ಕೊಪ್ರಾ’ ಎನ್ನುತ್ತಾರೆ. ಮಲಯಾಳದ ‘ಕೊಪ್ಪರ’ ಪೋರ್ಚುಗೀಸರ ಬಾಯಿ ಸೇರಿ ಹಡಗು ಹತ್ತಿ ಲೋಕ ಸುತ್ತಿದ ಪದ ಅದು, ನಮ್ಮ ಕೊಬ್ಬರಿಯ ಸೋದರಿ. ಅಲ್ಲಿಯ ಏಗಾಟ ಬರದ ಜೊತೆಗಲ್ಲ, ಗಾಳಿಯ ಜೊತೆ. 2013ರ ನವೆಂಬರ್ 8ರಂದು ಹಯಾನ್ ಚಂಡಮಾರುತ (ಅಲ್ಲಿಯವರು ಇಟ್ಟ ಹೆಸರು ಯೋಲಾಂಡಾ) ಅಪ್ಪಳಿಸಿದಾಗ ಸರ್ಕಾರಿ ಲೆಕ್ಕದಲ್ಲೇ 6,300 ಜನ ಸತ್ತರು. ಕೋಟಿಗಟ್ಟಲೆ ತೆಂಗಿನ ಮರಗಳು ಮುರಿದು, ಬುಡಮೇಲಾಗಿ ಬಿದ್ದವು. ಗಾಳಿಗೆ ಬಿದ್ದ ಮರಕ್ಕೂ ಬಾಯಾರಿ ಸತ್ತ ಮರಕ್ಕೂ ಮಾಲೀಕನ ಪಾಲಿಗೆ ವ್ಯತ್ಯಾಸವಿಲ್ಲ. ಹೊಸ ಸಸಿ ಫಲ ಕೊಡಲು ಆರೇಳು ವರ್ಷ ಇಬ್ಬರೂ ಕಾಯಬೇಕು.

ಟಗಾಲೋಗ್ ಭಾಷೆಯಲ್ಲಿ ‘ಬಹಾಲಾ ನಾ’ ಎಂಬ ಮಾತಿದೆ. ಪರೀಕ್ಷೆಗೆ ಹೋಗುವಾಗ, ಸಾಲ ಮಾಡುವಾಗ, ಪರದೇಶಕ್ಕೆ ಕೆಲಸಕ್ಕೆ ಹೊರಡುವಾಗ ಹೇಳುವ ಮಾತು. ಆದದ್ದಾಗಲಿ, ನೋಡೋಣ ಎಂದು ಸ್ಥೂಲವಾಗಿ ಅರ್ಥ. ನಮ್ಮವರ ‘ಹೆಂಗೋ ಆಯ್ತದೆ ಬುಡು’ ಇದಕ್ಕೆ ತೀರ ಹತ್ತಿರ. ಈ ಮಾತನ್ನು ಹಿಡಿದು ಫಿಲಿಪಿನೋಗಳು ಹಣೆಬರಹವನ್ನು ನಂಬಿ ಕೈಕಟ್ಟಿ ಕೂರುವ ಜನ ಎಂದು ಹಿಂದೆ ಕೆಲವು ವಿದ್ವಾಂಸರು ಬರೆದಿದ್ದರು. 1970ರ ದಶಕದಲ್ಲಿ ಅಲ್ಲಿಯ ಮನಶ್ಶಾಸ್ತ್ರಜ್ಞ ಆಲ್ಫ್ರೆಡೋ ಲಾಗ್ಮಾಯ್ ಅದನ್ನು ತಿರುಗಿಸಿ ಹಾಕಿದರು. ಕೈಯಲ್ಲಿ ಏನೂ ಖಚಿತವಿಲ್ಲದಾಗ ಮುಂದಿನ ಹೆಜ್ಜೆ ಇಡಲು ಬೇಕಾದ ಧೈರ್ಯವನ್ನು ತಂದುಕೊಳ್ಳುವ ಮಾತು ಅದು, ಕೈಕಟ್ಟಿ ಕೂರುವವರ ಮಾತಲ್ಲ ಎಂಬುದು ಅವರ ವಾದ. ಇದನ್ನು ಓದಿದ ದಿನ ನನಗೆ ನಿಜಕ್ಕೂ ಖುಷಿಯಾಯಿತು. ನಮ್ಮ ಹಳ್ಳಿಯವರ ‘ಹೆಂಗೋ’ವನ್ನು ಸೋಮಾರಿತನ ಎಂದು ಬರೆದ ಕನ್ನಡದ ಪಟ್ಟಣಿಗರನ್ನೂ ನಾನು ಸಾಕಷ್ಟು ಓದಿದ್ದೇನೆ. ‘ಹೆಂಗೋ ಆಯ್ತದೆ’ ಎಂದವನು ಮಲಗಲು ಹೋಗುವುದಿಲ್ಲ, ಪಕ್ಕದ ಮನೆಗೆ ಬಿತ್ತನೆ ರಾಗಿ ಕೇಳಲು ಹೋಗುತ್ತಾನೆ. ಅದನ್ನು ಕಾಣಬೇಕಾದರೆ ಮಾತು ಮುಗಿದ ಮೇಲೂ ಐದು ನಿಮಿಷ ಅಲ್ಲೇ ನಿಂತಿರಬೇಕು.

ಆದರೆ ಆ ದೇಶದ ಕತೆ ಅಲ್ಲಿಗೆ ನಿಲ್ಲುವುದಿಲ್ಲ. ಪ್ರತಿ ಚಂಡಮಾರುತದ ನಂತರವೂ ‘ಫಿಲಿಪಿನೋಗಳ ಚೈತನ್ಯ ಅಗಾಧ, ಅವರು ನಗುನಗುತ್ತಾ ಎದ್ದು ನಿಲ್ಲುತ್ತಾರೆ’ ಎಂದು ನಾಯಕರು, ಟಿವಿಯವರು, ಹೊರದೇಶದವರು ಹೊಗಳತೊಡಗಿದರು. ಹೊಗಳಿಕೆ ಕೇಳಿ ಕೇಳಿ ಅಲ್ಲಿಯವರಿಗೇ ರೇಗಿಹೋಯಿತು. 2020ರಲ್ಲಿ ಕೊರೊನಾದ ನಡುವೆಯೇ ಸಾಲುಸಾಲು ಚಂಡಮಾರುತಗಳು ಬಂದಾಗ, ನಮ್ಮ ಸಹನಶಕ್ತಿಯ ಗುಣಗಾನ ಸಾಕು, ನಿಮ್ಮ ಕೆಲಸದ ಲೆಕ್ಕ ಕೊಡಿ ಎಂದು ಅವರು ಬಹಿರಂಗವಾಗಿ ಕೇಳಿದರು. ಅವರ ತೆಂಗು ಬೆಳೆಗಾರರಿಗಂತೂ ಇದು ಹಳೆಯ ಗಾಯ. ಮಾರ್ಕೋಸನ ಕಾಲದಲ್ಲಿ, 1970ರ ದಶಕದಲ್ಲಿ, ಬೆಳೆಗಾರರ ಏಳಿಗೆಗೆಂದು ಹೇಳಿ ಅವರಿಂದಲೇ ಸುಂಕ ವಸೂಲಿ ಮಾಡಲಾಯಿತು. ಆ ಹಣ ಅಧಿಕಾರಕ್ಕೆ ಹತ್ತಿರವಿದ್ದವರ ಉದ್ದಿಮೆಗಳ ಪಾಲಾಯಿತು. ದಶಕಗಳ ಮೊಕದ್ದಮೆಗಳಾದ ಮೇಲೆ ಅದನ್ನು ಬೆಳೆಗಾರರಿಗೆ ಬಳಸುವ ಕಾನೂನು ಬಂದದ್ದು 2021ರಲ್ಲಿ. ಸುಂಕ ಕಟ್ಟಿದವರಲ್ಲಿ ಎಷ್ಟೋ ಜನ ಅಷ್ಟು ಹೊತ್ತಿಗೆ ಏಗುವುದನ್ನು ನಿಲ್ಲಿಸಿ ಮಣ್ಣಿಗೆ ಸೇರಿದ್ದರು.

‘ನೀನೇ ಏಗು’ ಎಂಬ ಆಜ್ಞಾರೂಪದ ಬಗ್ಗೆ ಮುಂದೆ ಹೇಳುತ್ತೇನೆ ಎಂದಿದ್ದೆನಲ್ಲ. ಒಂದು ವಿಚಾರಸಂಕಿರಣದಲ್ಲಿ ನನ್ನ ಪ್ರಬಂಧ ಓದಿದ ಮೇಲೆ ಅಧ್ಯಕ್ಷತೆ ವಹಿಸಿದ್ದವರು ‘ನಮ್ಮ ಬಯಲುಸೀಮೆಯ ರೈತ ಗಟ್ಟಿಗ, ಅವನಿಗೆ ಯಾರ ಸಹಾಯವೂ ಬೇಡ, ಅವನ ಭಾಷೆಯಲ್ಲೇ ಆ ಕಸುವಿದೆ’ ಎಂದು ಎದೆತುಂಬಿ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ನನಗೆ ಕೇಳಿಸಿದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟ ಅಪ್ಪನ ದನಿ.

ಹಳೇಬೀಡಿಗೆ ನಾನು ಮೊದಲು ಹೋದದ್ದು ಶಾಲೆಯ ಪ್ರವಾಸದಲ್ಲಿ. ಅಲ್ಲಿ ಕ್ಷೇತ್ರಕಾರ್ಯಕ್ಕೆ ಹೋಗುತ್ತೇನೆ ಎಂದಾಗ ಗೆಳತಿಯರು ‘ಅಲ್ಲಿ ಕಲ್ಲುಗಳ ಜೊತೆ ಮಾತಾಡ್ತೀಯಾ’ ಎಂದು ನಕ್ಕರು. ಬಂದವರೆಲ್ಲ ಹೊಯ್ಸಳೇಶ್ವರ ನೋಡಿ, ಎಳನೀರು ಕುಡಿದು, ಹದಿನಾರು ಕಿಲೋಮೀಟರ್ ದೂರದ ಬೇಲೂರಿಗೆ ಹೊರಟುಬಿಡುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ಪಟ್ಟಿ ಸೇರಿದ ಮೇಲೆ ಬರುವವರು ಇನ್ನೂ ಹೆಚ್ಚಿದ್ದಾರೆ. ದೇವಸ್ಥಾನದ ಎದುರಿನ ಬೀದಿಯ ಹಿಂದೆ ಒಂದು ಊರಿದೆ, ಆ ಊರಿಗೆ ಬಾಯಾರಿಕೆಯಿದೆ ಎಂಬುದು ಪ್ರವಾಸಿಯ ಕಣ್ಣಿಗೆ ಬೀಳುವುದಿಲ್ಲ.

ಆ ಊರಿನ ಹೆಸರಿನ ಮೇಲೆಯೇ ಒಂದು ಅಧ್ಯಾಯ ಬರೆಯಬಹುದು. ಹೊಯ್ಸಳರ ರಾಜಧಾನಿಗೆ ಇದ್ದ ಹೆಸರು ದೋರಸಮುದ್ರ. ಸಮುದ್ರ ಎಂದರೆ ಇಲ್ಲಿ ಕೆರೆ. ಎಂದರೆ ಊರಿಗಿಂತ ಮೊದಲು ಕೆರೆ ಹೆಸರಾಗಿತ್ತು, ರಾಜಧಾನಿಯೇ ಬಂದು ಕೆರೆಯ ಹೆಸರನ್ನು ಸಾಲ ಪಡೆಯಿತು. ಅರಸೀಕೆರೆಯದೂ ಅದೇ ಕತೆ, ಅರಸಿಯ ಕೆರೆ. 1311ರಲ್ಲಿ ಮಲಿಕ್ ಕಾಫರನ ದಂಡು ಬಂತು. ಮೂರನೆಯ ಬಲ್ಲಾಳ ಕಪ್ಪ ಕೊಟ್ಟು ಉಳಿದುಕೊಂಡ. ಹದಿನೈದಿಪ್ಪತ್ತು ವರ್ಷಗಳಲ್ಲಿ ತುಘಲಕನ ದಂಡೂ ಬಂತು. ಬಲ್ಲಾಳ ಬೇರೆ ಬೇರೆ ಕಡೆ ನೆಲೆ ಮಾಡಿಕೊಂಡು ಹೋರಾಡುತ್ತಾ ಕೊನೆಗೆ ಮಧುರೆಯ ಸುಲ್ತಾನನ ಕೈಗೆ ಸಿಕ್ಕಿ ಸತ್ತ. ಅರಮನೆ ಹೋಯಿತು, ದಂಡು ಹೋಯಿತು, ಕವಿಗಳು ಹೋದರು. ಶಾಸನಗಳಲ್ಲಿ ‘ನೆಲೆವೀಡು’ ಎನಿಸಿಕೊಂಡಿದ್ದ ಜಾಗ ಜನರ ಬಾಯಲ್ಲಿ ‘ಹಳೆಯ ಬೀಡು’ ಆಯಿತು.

ಪುಸ್ತಕಗಳು ಇದನ್ನು ಪಾಳುಬಿದ್ದ ರಾಜಧಾನಿ ಎಂದು ವಿವರಿಸುತ್ತವೆ. ನನಗೆ ಕಾಣುವುದು ಬೇರೆ. ‘ಹಳೆಯ’ ಎನ್ನಬೇಕಾದರೆ ಹಾಗೆ ಕರೆಯಲು ಅಲ್ಲಿ ಯಾರಾದರೂ ಉಳಿದಿರಬೇಕು. ರಾಜ ಬಿಟ್ಟುಹೋದ ಊರಿನಲ್ಲಿ ಕೆರೆಯ ತೂಬು ಎತ್ತುವವರು, ಕುರಿ ಕಾಯುವವರು, ಗದ್ದೆಗೆ ನೀರು ಕಟ್ಟುವವರು ಉಳಿದಿದ್ದರು. ಊರಿಗೆ ಹೆಸರಿಟ್ಟವರು ಅವರು. ‘ಹಾಳುಬೀಡು’ ಎಂದು ಕರೆದಿದ್ದರೆ ಯಾರೂ ಬೇಡ ಎನ್ನುತ್ತಿರಲಿಲ್ಲ, ಇಂದಿಗೂ ಕೆಲವರು ತಮಾಷೆಗೆ ಹಾಗೆ ಅನ್ನುವುದುಂಟು. ಅವರು ಆರಿಸಿಕೊಂಡದ್ದು ‘ಹಳೆ’ ಎಂಬ ಪದವನ್ನು. ಹಳೆ ಮನೆ, ಹಳೆ ಬಾವಿ, ಹಳೆ ಸೀರೆ ಎನ್ನುವ ಹಾಗೆ. ಹಳೆಯದನ್ನು ಬಳಸಬಹುದು.

ಭಾಷಾಶಾಸ್ತ್ರದ ವಿದ್ಯಾರ್ಥಿನಿಯಾಗಿ ಇಲ್ಲೊಂದು ಸಣ್ಣ ಸುಖ ನನಗಿದೆ. ಹಳಗನ್ನಡದ ‘ಪಳೆಯ’ ನಡುಗನ್ನಡದ ಹೊತ್ತಿಗೆ ‘ಹಳೆಯ’ವಾಯಿತು, ಪಾಲು ಹಾಲಾದ ಹಾಗೆ. ಬೇಲೂರು ತಾಲ್ಲೂಕಿನಲ್ಲೇ ಇರುವ ಹಲ್ಮಿಡಿಯಲ್ಲೂ ಇದೇ ಆಗಿದೆ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಗುರುತಿಸಿದ, ಐದನೆಯ ಶತಮಾನದ್ದೆನ್ನುವ ಹದಿನಾರು ಸಾಲಿನ ಆ ಶಾಸನದಲ್ಲಿ ಊರಿನ ಹೆಸರು ಪಲ್ಮಿಡಿ. ಈಗ ಹಲ್ಮಿಡಿ. ನಮ್ಮ ಸೀಮೆಯ ಅಜ್ಜಂದಿರ ಬಾಯಲ್ಲಿ ಹಕಾರವೂ ನಿಲ್ಲುವುದಿಲ್ಲ: ಅಲ್ಮಿಡಿ, ಅಳೇಬೀಡು. ಪಕಾರ ಹಕಾರವಾಗಿ, ಹಕಾರ ಬರಿ ಉಸಿರಾಗಿ, ಉಸಿರೂ ಹೋಗಿ, ಊರು ಮಾತ್ರ ಅಲ್ಲೇ ಇದೆ. ‘ಅಳೇಬೀಡು’ ಎಂದದ್ದಕ್ಕೆ ಮೇಷ್ಟ್ರಿಂದ ಏಟು ತಿಂದ ಮಕ್ಕಳು ನಮ್ಮ ತರಗತಿಯಲ್ಲಿದ್ದರು. ಸಾವಿರ ವರ್ಷದ ಒಂದು ಸವೆತವನ್ನು ಅವರು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತಿದ್ದರು ಎಂದು ಆ ಮೇಷ್ಟ್ರಿಗೆ ಯಾರು ಹೇಳಬೇಕಿತ್ತು! ಆ ಶಾಸನದ ಕಲ್ಲು ಈಗ ಮೈಸೂರಿನಲ್ಲಿದೆ, ಊರಿನಲ್ಲಿರುವುದು ಅದರ ಪ್ರತಿಕೃತಿ.

ಬೇಲೂರಿನದು ಇನ್ನೊಂದು ಬಗೆ. ಅಲ್ಲಿ ಬಿದ್ದದ್ದನ್ನು ಕಟ್ಟಿದ್ದಾರೆ. 1117ರಲ್ಲಿ ವಿಷ್ಣುವರ್ಧನ ನಿಲ್ಲಿಸಿದ ಚೆನ್ನಕೇಶವನ ಗುಡಿಯ ಹೆಬ್ಬಾಗಿಲ ಗೋಪುರ ದಾಳಿಯಲ್ಲಿ ನಾಶವಾದಾಗ 1397ರಲ್ಲಿ ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡ ಅದನ್ನು ಮತ್ತೆ ಎತ್ತಿಸಿದ. ಗುಡಿಯಲ್ಲಿ ಪೂಜೆ ನಿಂತಿಲ್ಲ. ಚೈತ್ರದ ತೇರಿನ ಹೊತ್ತಿಗೆ ದೊಡ್ಡಮೇದೂರಿನ ಖಾಜಿಯವರು ಬಂದು ಕುರಾನಿನ ಸಾಲುಗಳನ್ನು ಓದುವ ವಾಡಿಕೆ ನಡೆದುಬಂದಿತ್ತು. 2022ರಲ್ಲಿ ಅದಕ್ಕೆ ವಿರೋಧ ಬಂತು. ಆದರೂ ಆ ವರ್ಷ ಓದು ನಡೆಯಿತು, ತೇರೂ ಎಳೆಯಿತು. ಮುಂದೆಯೂ ಈ ವಾದ ನಿಲ್ಲಲಿಲ್ಲ. ದೇವರ ಚಪ್ಪಲಿಯ ಕತೆ ನನಗೆ ಇನ್ನೂ ಇಷ್ಟ. ಕೇಶವ ಆಗಾಗ ಬಾಬಾಬುಡನ್‌ಗಿರಿಯ ಮೇಲಿರುವ ದೇವಿಯನ್ನು ನೋಡಲು ಹೋಗುತ್ತಾನಂತೆ, ಅವನ ಚಪ್ಪಲಿ ಸವೆದಾಗ ಹೊಸ ಜೋಡು ಮಾಡಿ ತರುವ ಹಕ್ಕು ಚನ್ನಗಿರಿ, ಬಸವಾಪಟ್ಟಣದ ಚರ್ಮಕಾರರದು ಎಂದು ಬಿ.ಎಲ್. ರೈಸ್ ಅವರ ಗೆಝೆಟಿಯರಿನಲ್ಲೇ ಬರೆದಿದೆ. ಗುಡಿಯೊಳಗೆ ವರ್ಷಕ್ಕೆ ಕೆಲವೇ ದಿನ ಬಿಟ್ಟುಕೊಳ್ಳುತ್ತಿದ್ದ ಜನ, ದೇವರು ಬರಿಗಾಲಲ್ಲಿ ನಡೆಯದಂತೆ ನೋಡಿಕೊಳ್ಳುವವರು ತಾವೇ ಎಂಬ ಕತೆಯನ್ನು ಬಿಟ್ಟುಕೊಡಲಿಲ್ಲ. ಬಾಗಿಲು ಮುಚ್ಚಿದವರ ಜೊತೆ ಏಗುವ ಒಂದು ದಾರಿ ಅದು. ಬಾಗಿಲನ್ನು ಮುಚ್ಚಿದ್ದು ಸರಿ ಎಂದು ಅದರಿಂದ ಆಗುವುದಿಲ್ಲ.

ಮತ್ತೆ ಕೆರೆಗೆ ಬರುತ್ತೇನೆ, ಏಕೆಂದರೆ ನನ್ನ ಪ್ರಬಂಧದ ದಿಕ್ಕು ಬದಲಾದದ್ದು ಅಲ್ಲಿ. ಹಾಸನ ಜಿಲ್ಲೆಯ ನಕ್ಷೆಯಲ್ಲಿ ಪಡುವಣಕ್ಕೆ ಸಕಲೇಶಪುರ, ಮೂಡಣಕ್ಕೆ ಅರಸೀಕೆರೆ. ಮಳೆ ಪಡುವಣದಲ್ಲೇ ಸುರಿದು ಬರಿಗೈಯಲ್ಲಿ ನಮ್ಮ ಕಡೆ ಬರುತ್ತದೆ. ಬೇಲೂರಿನ ಪಕ್ಕ ಯಗಚಿ ಹರಿಯುತ್ತದೆ. ಹಳೇಬೀಡಿನ ಕೆರೆ ಮಾತ್ರ ವರ್ಷಾನುಗಟ್ಟಲೆ ಒಣಗಿ ಬಿದ್ದಿರುತ್ತಿತ್ತು. ಯಗಚಿಯ ನೀರನ್ನು ರಣಘಟ್ಟದಿಂದ ಹಳೇಬೀಡು, ಮಾದಿಹಳ್ಳಿ ಹೋಬಳಿಯ ಕೆರೆಗಳಿಗೆ ತರಬೇಕೆಂದು ಈ ಭಾಗದ ರೈತರು ವರ್ಷಗಟ್ಟಲೆ ಧರಣಿ, ಬಂದ್ ಮಾಡಿದರು. ಬಲ್ಲಾಳರ ಕಾಲದಲ್ಲಿ ಬರುತ್ತಿದ್ದ ನೀರು ಈಗ ಏಕೆ ಬರಬಾರದು ಎಂಬುದು ಅವರ ಸರಳ ಪ್ರಶ್ನೆ.

ಆ ಧರಣಿಗಳಲ್ಲಿ ಕೂತಿದ್ದ ಹೆಂಗಸರ ಮಾತನ್ನು ನಾನು ಮುದ್ರಿಸಿಕೊಂಡೆ. ಮನೆಗೆ ಬಂದು ಬರೆದುಕೊಳ್ಳುವಾಗ ಗಮನಕ್ಕೆ ಬಂತು: ನಾನು ಇಷ್ಟಪಟ್ಟು ಎಣಿಸುತ್ತಿದ್ದ ‘ಏಗ್ತಾ ಇದೀವಿ’ ಇವರ ಮಾತಿನಲ್ಲಿ ಇಲ್ಲ. ಅದೇ ಕ್ರಿಯಾಪದ ನಿಷೇಧರೂಪದಲ್ಲಿ ಬರುತ್ತಿತ್ತು. ಒಬ್ಬ ಅಜ್ಜಿ, ಎಪ್ಪತ್ತು ದಾಟಿರಬೇಕು, ಎಲೆಯಡಿಕೆ ಜಗಿಯುತ್ತಾ ಹೇಳಿದ್ದು ಹೀಗೆ: ‘ನಮ್ಮತ್ತೆ ಏಗುದ್ಲು, ನಾನೂ ಏಗ್ದೆ. ನನ್ ಸೊಸೆ ಏಗಲ್ಲ ಅಂತಾಳೆ. ಅವಳು ಯಾಕ್ ಏಗ್ಬೇಕು ಹೇಳವ್ವ? ನೀರಿಲ್ವಾ ಹೊಳೇಲಿ? ಅದಕ್ಕೇ ಅವಳ ಬದಲು ನಾನು ಬಂದು ಇಲ್ಲಿ ಕುಂತಿದೀನಿ.’

ಮೂರು ತಲೆಮಾರನ್ನು ಆಕೆ ಒಂದೇ ಕ್ರಿಯಾಪದದ ರೂಪಗಳಲ್ಲಿ ಸಾಲಾಗಿ ನಿಲ್ಲಿಸಿಬಿಟ್ಟಳು. ಏಗುವುದು ಮುಗಿಯುವುದಿಲ್ಲ ಎಂದು ನಾನು ಬರೆದಿದ್ದೆನಲ್ಲ, ಆಕೆಯ ಬಾಯಲ್ಲಿ ಅದು ಮುಗಿದ ಕ್ರಿಯೆಯಾಗಿತ್ತು: ಏಗಿದಳು, ಏಗಿದೆ. ಸಾಕು. ಜನರ ಗಟ್ಟಿತನವನ್ನು ಹುಡುಕಿಕೊಂಡು ಹೋಗುವ ನಮ್ಮಂಥವರು ಯಾವಾಗಲೂ ಸಹಿಸುವ ಮಾತುಗಳನ್ನೇ ಆಯ್ದುಕೊಳ್ಳುತ್ತೇವೆ. ಗಾದೆ, ಮಳೆ ನಕ್ಷತ್ರದ ನುಡಿಗಳು, ‘ಆದ್ರೆ ಆರಿದ್ರೆ, ಇಲ್ದಿದ್ರೆ ದರಿದ್ರ’, ಕೇಳಲು ಚೆಂದ, ಉದಾಹರಣೆಗೆ ಸಲೀಸು. ‘ಇನ್ನು ಆಗಲ್ಲ’ ಎಂದು ಧರಣಿ ಕೂತವರ ಒರಟು ಮಾತನ್ನು ಸಂಸ್ಕೃತಿ ಎಂದು ಯಾರೂ ಪಟ್ಟಿ ಮಾಡುವುದಿಲ್ಲ. ಅರ್ಧ ಶತಮಾನ ತಾಳಿ, ಇಷ್ಟೇ ಎಂದು ಗೆರೆ ಎಳೆಯಲು ಬೇಕಾಗುವ ಕಸುವು ಸಣ್ಣದೇನಲ್ಲ.

ಇತ್ತ ನಮ್ಮ ಮನೆಯ ಲೆಕ್ಕವೂ ವಿಚಿತ್ರವಾಗಿದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ ಧಾರಣೆ 8,000ದ ಆಸುಪಾಸಿಗೆ ಕುಸಿದಿತ್ತು. 2025ರಲ್ಲಿ ಅದೇ ಕೊಬ್ಬರಿ 25,000 ದಾಟಿತು. ಪೇಪರಿನಲ್ಲಿ ‘ಬೆಳೆಗಾರರಿಗೆ ಬಂಪರ್’ ಎಂದು ಬಂತು. ಬೆಲೆ ಏರಿದ್ದೇ ಮರಗಳು ಕಡಿಮೆಯಾಗಿ ಕಾಯಿ ಇಲ್ಲದ್ದರಿಂದ. ನಮ್ಮ ಅಟ್ಟದಲ್ಲಿ ಆಗ ಇದ್ದದ್ದು ನಾಲ್ಕು ಚೀಲ. ತಮ್ಮ ಅಷ್ಟು ಹೊತ್ತಿಗೆ ಪೀಣ್ಯದ ಕಾರ್ಖಾನೆಯೊಂದಕ್ಕೆ ಸೇರಿ ಮೂರು ವರ್ಷವಾಗಿತ್ತು. ಹಬ್ಬಕ್ಕೆ ಬಂದವನು ಅಟ್ಟ ಇಣುಕಿ, ಏನೂ ಮಾತಾಡದೆ ಏಣಿ ಇಳಿದ. ಕಂಬಗಳಿದ್ದ ಜಾಗದಲ್ಲಿ ಅಪ್ಪ ಮತ್ತೆ ಮೂವತ್ತು ಸಸಿ ಹಾಕಿದ್ದಾರೆ. ಅಡಿಕೆ ಹಾಕಿ ಎಂದು ಎಲ್ಲರೂ ಹೇಳಿದರು. ಅಡಿಕೆಗೆ ತೆಂಗಿಗಿಂತ ಹೆಚ್ಚು ನೀರು ಬೇಕು ಎನ್ನುವುದು ಹೇಳಿದವರಿಗೂ ಗೊತ್ತಿತ್ತು.

ಹೋದ ಬೇಸಿಗೆಯಲ್ಲಿ ಊರ ಕುಡಿಯುವ ನೀರಿನ ಬೋರು ನಿಂತಿತು. ಬೀದಿಯ ಹೆಂಗಸರು ಸೇರಿ ಪಂಚಾಯ್ತಿಗೆ ಅರ್ಜಿ ಕೊಡಬೇಕೆಂದಾಗ ಅವ್ವ ನನ್ನನ್ನು ಕೂರಿಸಿದಳು. ಓದಿದ ಮಗಳು ಮನೆಯಲ್ಲಿದ್ದಾಳಲ್ಲ. ನಾನು ‘ಮಾನ್ಯರೇ, ನಮ್ಮ ಬೀದಿಯ ನಿವಾಸಿಗಳು ಕುಡಿಯುವ ನೀರಿನ ತೀವ್ರ ಅಭಾವವನ್ನು ಎದುರಿಸುತ್ತಿದ್ದು’ ಎಂದು ಬರೆದು ಓದಿದೆ. ಹನ್ನೆರಡು ಹೆಂಗಸರು ಕೇಳಿಸಿಕೊಂಡು ಸುಮ್ಮನಿದ್ದರು.

‘ಏನಂದಂಗಾಯ್ತು ಅದು?’ ಎಂದಳು ಅವ್ವ.

‘ನೀರಿಗೆ ಕಷ್ಟ ಆಗೈತೆ ಅಂತ.’

‘ಕಷ್ಟ ಅಂದ್ರೆ ಅವರಿಗೆ ಅರ್ಥ ಆಗಲ್ಲ ಮಗ. ಎಲ್ಲಾರೂ ಅದನ್ನೇ ಬರೀತಾರೆ. ಏಗಿ ಏಗಿ ಸಾಕಾಗೈತೆ, ಇನ್ನು ಏಗಕ್ಕಾಗಲ್ಲ ಅಂತ ಬರಿ.’

‘ಅರ್ಜೀಲಿ ಹಂಗೆಲ್ಲ ಬರಿಯಲ್ಲ ಅವ್ವ.’

‘ಯಾಕೆ? ಕನ್ನಡ ಅಲ್ವಾ ಅದು?’

ಬರೆದೆ. ಅವ್ವ ಹೇಳಿದ ಹಾಗೆಯೇ, ಅವಳ ಬಾಯಲ್ಲಿದ್ದ ರೂಪದಲ್ಲೇ ಬರೆದೆ. ಹನ್ನೆರಡು ಜನ ಸಹಿ ಮಾಡಿದರು; ಅದರಲ್ಲಿ ಐದು ಹೆಬ್ಬೆಟ್ಟು. ಪಂಚಾಯ್ತಿಯ ಗುಮಾಸ್ತ ಓದುತ್ತಾ ಓದುತ್ತಾ ಆ ಸಾಲಿಗೆ ಬಂದಾಗ ತಲೆಯೆತ್ತಿ ಅವ್ವನ ಮುಖ ನೋಡಿದ. ಆಮೇಲೆ ಮೊಹರು ಒತ್ತಿ ಸ್ವೀಕೃತಿ ನಂಬರ್ ಬರೆದುಕೊಟ್ಟ. ನಾಲ್ಕನೆಯ ದಿನ ಟ್ಯಾಂಕರ್ ಬಂತು. ಹೊಸ ಬೋರಿಗೆ ಜಾಗ ನೋಡಿಕೊಂಡು ಹೋದವರು ಇನ್ನೂ ತಿರುಗಿ ಬಂದಿಲ್ಲ. ಆ ಸ್ವೀಕೃತಿ ಚೀಟಿಯನ್ನು ಅವ್ವ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾಳೆ, ಸೋಮವಾರ ಅದನ್ನು ಹಿಡಿದುಕೊಂಡು ಮತ್ತೆ ಹೋಗುವುದಿದೆ.